ಅಟ್ಟದ ಕೆಳಗೆ ಯಾವ ಕಂಬ? ತೇಗವೋ ಸಿಲ್ವರೋ, ಮೂರಾರೋ ಐದೈದೋ

ನಮ್ಮ ಕೊಡಗಿನಲ್ಲಿ ಮರದ ಕಂಬದ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು 'ಯಾವ ಮರ?' ಅಂತ. ತೇಗ ಅಂದರೆ ತಲೆದೂಗುತ್ತಾರೆ, ಸಿಲ್ವರ್ (ಸಿಲ್ವರ್ ಓಕ್) ಅಂದರೆ ಮೂಗು ಮುರಿಯುತ್ತಾರೆ. ನಮ್ಮ ತೋಟದ ಗೋಡೌನು, ಚಿಕ್ಕಪ್ಪನ ಶೆಡ್ಡು, ದನದ ಕೊಟ್ಟಿಗೆ ಎಲ್ಲ ಸೇರಿ ಹಲವು ಬಗೆಯ ಕಂಬ ನಿಲ್ಲಿಸಿ ನೋಡಿದ್ದೇನೆ. ನನ್ನ ಪ್ರಕಾರ ಮರದ ಹೆಸರು ಎರಡನೇ ಪ್ರಶ್ನೆ. ಕಂಬ ಎಷ್ಟು ಎತ್ತರ, ಅದರ ಅತಿ ಸಣ್ಣ ಬದಿ ಎಷ್ಟು ದಪ್ಪ ಅನ್ನುವುದು ಮೊದಲನೆಯದು.

ಲೆಕ್ಕ ಗೋಡೌನಿನದು. ಮೇಲೆ ಅಟ್ಟ, ಅಟ್ಟದಲ್ಲಿ ಚೆರಿ ಕಾಫಿ, ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು. ಚದರ ಮೀಟರಿಗೆ 50 ಕಿಲೋದ ಹತ್ತು ಮೂಟೆ ಅಂದರೆ 500 ಕಿಲೋ. ನಡುವಿನ ಒಂದೊಂದು ಕಂಬದ ಪಾಲಿಗೆ ಸುಮಾರು 7 ಚದರ ಮೀಟರ್ ಬರುತ್ತದೆ. ಹಲಗೆ, ಜಂತೆ, ತೊಲೆಯ ತೂಕ ಸೇರಿಸಿ ನಾಲ್ಕೂವರೆ ಟನ್ ಹಿಡಿದೆ. ಹೆಂಚಿನ ಭಾರ ಗೋಡೆಗೆ ಹೋಗುತ್ತದೆ, ಕಂಬಕ್ಕೆ ಬರುವುದಿಲ್ಲ. ಕಂಬದ ಎತ್ತರ 3 ಮೀಟರ್.

ಗಿಡ್ಡ ದಪ್ಪ ಕಂಬ ಭಾರ ಹೆಚ್ಚಾದರೆ ಜಜ್ಜಿಹೋಗುತ್ತದೆ. ಎತ್ತರದ ತೆಳು ಕಂಬ ಜಜ್ಜುವುದಕ್ಕೆ ಎಷ್ಟೋ ಮೊದಲೇ ಪಕ್ಕಕ್ಕೆ ಬಾಗುತ್ತದೆ. ಗಣಿತಜ್ಞ ಆಯ್ಲರ್ 1744ರಲ್ಲೇ ಇದರ ಲೆಕ್ಕ ಕೊಟ್ಟ: ಎತ್ತರ ಎರಡರಷ್ಟಾದರೆ ಹೊರುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಕಟ್ಟಡದ ಮರಕ್ಕೆ ಇರುವ ನಮ್ಮ ಭಾರತೀಯ ಮಾನಕ ಐಎಸ್ 883ರಲ್ಲಿ ಎತ್ತರವನ್ನು ಸಣ್ಣ ಬದಿಯಿಂದ ಭಾಗಿಸಿ ನೋಡುತ್ತಾರೆ. ಭಾಗಲಬ್ಧ 11ರ ಒಳಗಿದ್ದರೆ ಗಿಡ್ಡ ಕಂಬ, 50 ದಾಟಿದರೆ ಅಂಥ ಕಂಬವೇ ಬೇಡ. ಮನೆಗೆ ಬಳಸುವ ಕಂಬಗಳು ಹೆಚ್ಚಾಗಿ ಇವೆರಡರ ನಡುವೆ ಬೀಳುತ್ತವೆ.

ಚಿಕ್ಕಪ್ಪನ ಶೆಡ್ಡಿನಲ್ಲಿ ಇದ್ದದ್ದು ಮೂರಾರು ತೇಗ, ಅಂದರೆ ಮೂರಿಂಚು ಆರಿಂಚು, 75 × 150 ಮಿ.ಮೀ. ಎದುರಿಂದ ನೋಡಿದರೆ ಅಗಲವಾಗಿ ಗಟ್ಟಿಮುಟ್ಟಾಗಿ ಕಾಣುತ್ತದೆ. "ತೇಗ ಅಲ್ವಾ ಅಣ್ಣ, ಆನೆ ಕಟ್ಟಿದ್ರೂ ಏನಾಗಲ್ಲ" ಅಂದಿದ್ದರು ಆಚಾರಿ. ಆನೆ ಕಟ್ಟುವುದು ಬೇರೆ, ಮೂಟೆ ಹೊರಿಸುವುದು ಬೇರೆ. ಕೊಯ್ಲು ಮುಗಿದು ಅಟ್ಟ ತುಂಬಿದ ಮೇಲೆ ಕಂಬದ ತಲೆಯಿಂದ ಬುಡಕ್ಕೆ ದಾರ ಎಳೆದು ನೋಡಿದೆ. ನಡುವಿನಲ್ಲಿ ದಾರಕ್ಕೂ ಮರಕ್ಕೂ ಮಧ್ಯೆ ಕಿರುಬೆರಳು ತೂರುವಷ್ಟು ಸಂದು, ಅದೂ ಮೂರಿಂಚಿನ ದಿಕ್ಕಿಗೇ. ಕಾಫಿ ಕ್ಯೂರಿಂಗಿಗೆ (ಸಿಪ್ಪೆ ಬಿಡಿಸುವ ಕಾರ್ಖಾನೆಗೆ) ಹೋದ ಮೇಲೆ ಸಂದು ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ತಿಂಗಳುಗಟ್ಟಲೆ ಭಾರ ಹೊತ್ತ ಮರ ಆ ಬಾಗನ್ನು ಹಾಗೇ ಉಳಿಸಿಕೊಳ್ಳುತ್ತದೆ, ಮುಂದಿನ ವರ್ಷ ಅಲ್ಲಿಂದಲೇ ಮುಂದುವರಿಯುತ್ತದೆ.

ತೇಗದ ಸ್ಥಿತಿಸ್ಥಾಪಕತೆಯನ್ನು, ಅಂದರೆ ಬಾಗದೆ ಬಿಗಿಯಾಗಿ ನಿಲ್ಲುವ ಗುಣವನ್ನು, ಚದರ ಮಿ.ಮೀ.ಗೆ 10,000 ನ್ಯೂಟನ್ ಅಂತ ಹಿಡಿದು ಮಾನಕದ ಸೂತ್ರ ಹಾಕಿದರೆ ಮೂರಾರಕ್ಕೆ ಹೊರಿಸಬಹುದಾದದ್ದು ಸುಮಾರು 2.3 ಟನ್. ಅದೇ ತೇಗದ ನಾಲ್ಕುನಾಲ್ಕಕ್ಕೆ 3.7 ಟನ್. ಮೂರಾರಕ್ಕೆ ಹೆಚ್ಚು ಮರ, ಹೆಚ್ಚು ದುಡ್ಡು, ಕಡಿಮೆ ಶಕ್ತಿ! ಐದೈದು ತೇಗಕ್ಕೆ 9 ಟನ್ನಿನ ಹತ್ತಿರ ಬರುತ್ತದೆ. ಇವು ಕಂಬ ಮುರಿಯುವ ಭಾರವಲ್ಲ, ನೆಮ್ಮದಿಯಾಗಿ ಹೊರಿಸಬಹುದಾದ ಭಾರ.

ಇನ್ನು ಸಿಲ್ವರ್. ತೋಟದಲ್ಲೇ ಬೆಳೆದದ್ದು, ಮೆಣಸಿನ ಬಳ್ಳಿ ಹಬ್ಬಿಸಿದ್ದ ಮರ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರಿಗೆ ವಿನಾಯಿತಿ ಇರುವುದರಿಂದ ಕಡಿಯಲು ಅನುಮತಿಗೆ ಅಲೆಯಬೇಕಿಲ್ಲ. ತೇಗಕ್ಕಿಂತ ಮೆದು ಅನ್ನುವುದು ನಿಜ. ಅದಕ್ಕೇ ಕೈ ಹಿಡಿದು ಸ್ಥಿತಿಸ್ಥಾಪಕತೆ 7,000, ಜಜ್ಜುವ ಒತ್ತಡಕ್ಕೆ ಚದರ ಮಿ.ಮೀ.ಗೆ 5 ನ್ಯೂಟನ್ ಅಂತ ಮಾತ್ರ ಹಾಕಿದೆ. ಆದರೂ ಐದೈದು ಸಿಲ್ವರಿಗೆ ಸುಮಾರು 6 ಟನ್ ಬಂತು. ನಾಲ್ಕುನಾಲ್ಕು ತೇಗವನ್ನು ಐದೈದು ಸಿಲ್ವರ್ ಹಿಂದೆ ಹಾಕುತ್ತದೆ. ಗೋಡೌನಿನಲ್ಲಿ ಈಗ ನಿಂತಿರುವುದು ಅದೇ. ಮೂಟೆ ತುಂಬಿದಾಗಲೂ ದಾರ ಮರಕ್ಕೆ ಅಂಟಿಕೊಂಡೇ ಇರುತ್ತದೆ.

ಸಿಲ್ವರಿನ ತಕರಾರು ಬೇರೆಯದು. ಹಸಿ ಮರ ಕೊಯ್ಸಿ ನಿಲ್ಲಿಸಿದರೆ ತಿರುಚಿಕೊಳ್ಳುತ್ತದೆ, ತಿರುಚಿದ ಕಂಬದ ಮೇಲೆ ಭಾರ ನಡುವಿಗೆ ಕೂರುವುದಿಲ್ಲ. ಮಳೆಗಾಲ ಕಳೆದ ಮೇಲೆ ಕೊಯ್ಸಿ, ನಡುನಡುವೆ ರೀಪು (ತೆಳು ಮರದ ಪಟ್ಟಿ) ಇಟ್ಟು ನೆರಳಲ್ಲಿ ಒಟ್ಟಿ, ತುದಿಗಳಿಗೆ ಬಣ್ಣ ಬಳಿದು ಒಣಗಿಸಬೇಕು. ಗೆದ್ದಲಿಗೂ ಕೊರೆಯುವ ಹುಳಕ್ಕೂ ಔಷಧಿ ಹೊಡೆಯಲೇಬೇಕು. ಅಷ್ಟು ತಾಳ್ಮೆ ಇಲ್ಲದವರು ಹಳೆಮನೆ ಬಿಚ್ಚಿದ ತೇಗ ಕೊಳ್ಳುವುದೇ ವಾಸಿ. ಅದು ಚೆನ್ನಾಗಿ ಒಣಗಿರುತ್ತದೆ, ಹೆಚ್ಚಾಗಿ ಚೇಗೇ (ಮರದ ಗಟ್ಟಿ ಒಳತಿರುಳು) ಇರುತ್ತದೆ. ಮೊದಲು ಅಡ್ಡಪಟ್ಟಿ ತೂರಿಸಿದ್ದ ಕಿಂಡಿ ಎಲ್ಲಿದೆ ಅಂತ ಮಾತ್ರ ನೋಡಿಕೊಳ್ಳಿ. ತುದಿಯ ಹತ್ತಿರ ಇದ್ದರೆ ಬಾಗುವ ವಿಷಯದಲ್ಲಿ ದೊಡ್ಡ ತೊಂದರೆ ಇಲ್ಲ, ಕಂಬದ ನಡುವಿಗಿದ್ದರೆ ಬಿಟ್ಟುಬಿಡಿ.

ಎರಡು ಎರಡಾರು ಹಲಗೆ ಸೇರಿಸಿ ಮೊಳೆ ಹೊಡೆದರೆ ನಾಲ್ಕಾರು ಕಂಬವೇ ಆಗುತ್ತದಲ್ಲ ಅನ್ನುವವರಿದ್ದಾರೆ. ಆಗುವುದಿಲ್ಲ. ಇಡೀ ಮರದ ನಾಲ್ಕಾರು ಸಿಲ್ವರ್ 3.9 ಟನ್ ಹೊತ್ತರೆ, ಬಿಡಿಬಿಡಿಯಾಗಿ ನಿಂತ ಎರಡು ಹಲಗೆ ಸೇರಿ ಹೊರುವುದು ಒಂದು ಟನ್. ಮೊಳೆ ಹೊಡೆದ ಜೋಡಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ಬಾಗುವಾಗ ಹಲಗೆಗಳು ಒಂದರ ಮೇಲೊಂದು ಜಾರುತ್ತವೆ, ಮೊಳೆ ಅದನ್ನು ಪೂರ್ತಿ ತಡೆಯಲಾರದು.

ಕಂಬದ ಎರಡು ತುದಿಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬುಡದ ಅಡ್ಡಕೊಯ್ತ ನೀರನ್ನು ಹೀರುತ್ತದೆ, ಒದ್ದೆಯಾದ ಮರದ ಶಕ್ತಿ ಇಳಿಯುತ್ತದೆ. ನಮ್ಮ ಜೂನ್-ಜುಲೈ ಮಳೆಗೆ ಕಲ್ಲಿನ ಪೀಠ ಬೇಕೇ ಬೇಕು, ಐನ್‌ಮನೆಯ (ಕೊಡವರ ಹಿರಿಮನೆಯ) ಕೈಯಾಲೆಯ, ಅಂದರೆ ಜಗಲಿಯ, ಕಂಬಗಳನ್ನೇ ನೋಡಿ. ಇನ್ನು ತಲೆ. ಚಿಕ್ಕಪ್ಪನ ಶೆಡ್ಡಿನ ಕಂಬ ಇಳಿಸಿದಾಗ ತೊಲೆಯ ಅಡಿಯಲ್ಲಿ ಮೂರಾರರ ಅಚ್ಚು ಮೂಡಿತ್ತು. ಉಗುರಿನಿಂದ ಸವರಿದರೆ ಅಂಚು ಸಿಗುತ್ತಿತ್ತು. ಕಂಬದ ಎಳೆ ಉದ್ದಕ್ಕೆ ಭಾರ ತಾಳುತ್ತದೆ, ತೊಲೆಯ ಎಳೆಗೆ ಅದೇ ಭಾರ ಅಡ್ಡಲಾಗಿ ಬೀಳುತ್ತದೆ. ಅಡ್ಡಕ್ಕೆ ಮರದ ಶಕ್ತಿ ಬಹಳ ಕಡಿಮೆ. ಹಿಂದಿನವರು ಕಂಬದ ಮೇಲೆ ಬೋದಿಗೆ ಕೂರಿಸುತ್ತಿದ್ದದ್ದು ಬರೀ ಕೆತ್ತನೆಯ ಚಂದಕ್ಕಲ್ಲ, ಅದು ಭಾರವನ್ನು ತೊಲೆಯ ಅಡಿಯಲ್ಲಿ ಅಗಲಕ್ಕೆ ಹಂಚುತ್ತದೆ. ಗೋಡೌನಿಗೆ ಕೆತ್ತನೆ ಇಲ್ಲದ ಹಲಸಿನ ಬೋದಿಗೆ ಹಾಕಿಸಿದೆ.

ಎಲ್ಲಕ್ಕಿಂತ ಅಗ್ಗದ ಕಂಬ ಕೊಟ್ಟಿಗೆಯಲ್ಲಿದೆ: ಸಿಪ್ಪೆ ತೆಗೆದ ದುಂಡು ಸಿಲ್ವರ್. ಏಳಿಂಚಿನ ದುಂಡನ್ನು ಕೊಯ್ಸಿ ಐದೈದು ಮಾಡಿದರೆ ಬಾಗುವುದನ್ನು ತಡೆಯುವ ಬಿಗಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಕೊಯ್ಸಿದ್ದಕ್ಕೂ ದುಡ್ಡು ಕೊಟ್ಟು, ಶಕ್ತಿಯನ್ನೂ ಸಾಮಿಲ್ಲಿನಲ್ಲೇ ಬಿಟ್ಟು ಬಂದ ಹಾಗೆ. ಗೋಡೌನಿಗೂ ದುಂಡನ್ನೇ ನಿಲ್ಲಿಸಬಹುದಿತ್ತು. ಆದರೆ ದುಂಡು ತಲೆಗೆ ಬೋದಿಗೆ ಕೂರಿಸಲು ಆಚಾರಿ ಕೇಳಿದ ಕೂಲಿಯಲ್ಲಿ ಇನ್ನೊಂದು ಐದೈದು ಕೊಯ್ಸಬಹುದಿತ್ತು.