ಕೆಮಿಕಲ್ ಎಂಜಿನಿಯರಿಂಗ್ ಪಿಎಚ್‌ಡಿ: ಅಮೆರಿಕವೋ, ಯುರೋಪೋ?

ಯಾವ ವಿಷಯ ಅಂತ ಇನ್ನೂ ಗಟ್ಟಿಯಾಗಿಲ್ಲವಾ? ಹಾಗಾದರೆ ಅಮೆರಿಕದ ದಾರಿ ವಾಸಿ. ಮಾಸ್ಟರ್ಸ್ ಇಲ್ಲದೆಯೂ ಎಷ್ಟೋ ಕಡೆ ನೇರವಾಗಿ ಸೇರಿಸಿಕೊಳ್ಳುತ್ತಾರೆ. ಮೊದಲು ಥರ್ಮೋಡೈನಮಿಕ್ಸ್, ಟ್ರಾನ್ಸ್‌ಪೋರ್ಟ್ (ದ್ರವ, ಶಾಖ, ವಸ್ತುಗಳ ಹರಿವಿನ ಪಾಠ), ರಿಯಾಕ್ಷನ್ ಎಂಜಿನಿಯರಿಂಗ್ ತರಗತಿಗಳು, ಜೊತೆಗೆ ಪಿಎಚ್‌ಡಿ ಮುಂದುವರಿಸಲು ಪಾಸಾಗಬೇಕಾದ ಕ್ವಾಲಿಫೈಯಿಂಗ್ ಪರೀಕ್ಷೆ. ಗೈಡ್ ಯಾರು ಅನ್ನೋದು ಬಹಳಷ್ಟು ವಿಭಾಗಗಳಲ್ಲಿ ಸೇರಿದ ಮೇಲೆಯೇ ತೀರ್ಮಾನ. ಆದರೆ ಸುಮಾರು 5 ವರ್ಷ ಹಿಡಿಯುತ್ತದೆ, ಕೆಲವರಿಗೆ ಜಾಸ್ತಿ.

ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಪಿಎಚ್‌ಡಿ ಯೋಜನೆಯಾದ ಮೇರಿ ಸ್ಕ್ಲೊಡೊವ್‌ಸ್ಕಾ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್ ಬೇರೆ ಥರ. ಇಲ್ಲಿ ಪ್ರಾಜೆಕ್ಟ್ ಮೊದಲೇ ಬರೆದಿಟ್ಟಿರುತ್ತಾರೆ, ನೀವು ಕೆಲಸಕ್ಕೆ ಅರ್ಜಿ ಹಾಕಿದ ಹಾಗೆ ಹಾಕಬೇಕು. ಸಿಗುವುದೂ ಸಂಬಳ, ನೌಕರಿಯ ಕರಾರು. ಯಾವ ದೇಶದವರಾದರೂ ಸರಿ, ಆದರೆ ಒಂದು ಕೊಕ್ಕೆ ಇದೆ: ನೇಮಕಕ್ಕೆ ಮುಂಚಿನ 36 ತಿಂಗಳಲ್ಲಿ, ನಿಮ್ಮನ್ನು ನೇಮಿಸುವ ಸಂಸ್ಥೆ ಇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಅಲ್ಲೇ ಮಾಸ್ಟರ್ಸ್ ಮಾಡುತ್ತಿರುವವರು ಇದನ್ನು ಗಮನಿಸದೆ ಸುಮ್ನೆ ಅರ್ಜಿ ತುಂಬಿ ಕೂರುತ್ತಾರೆ.

ಇದರಲ್ಲೇ ಇಂಡಸ್ಟ್ರಿಯಲ್ ಡಾಕ್ಟರೇಟ್ ಅಂತ ಒಂದಿದೆ. ಕನಿಷ್ಠ ಅರ್ಧ ಸಮಯ ವಿಶ್ವವಿದ್ಯಾಲಯದ ಹೊರಗೆ, ಹೆಚ್ಚಾಗಿ ಕಂಪನಿಯಲ್ಲಿ. ಕ್ಯಾಟಲಿಸ್ಟ್ (ರಿಯಾಕ್ಷನ್ ವೇಗ ಹೆಚ್ಚಿಸುವ ವಸ್ತು) ಅಥವಾ ಸೆಪರೇಶನ್ (ಮಿಶ್ರಣದಿಂದ ವಸ್ತುಗಳನ್ನು ಬೇರ್ಪಡಿಸುವ) ಕೆಲಸ ಮಾಡುವವರಿಗೆ ಇದು ನನ್ನ ಮೊದಲ ಆಯ್ಕೆ. ಗಾಜಿನ ಫ್ಲಾಸ್ಕಿನಲ್ಲಿ ಚೆನ್ನಾಗಿ ನಡೆದ ರಿಯಾಕ್ಷನ್ ದೊಡ್ಡ ರಿಯಾಕ್ಟರಿನಲ್ಲಿ ಬಿಸಿ ಹೊರಹಾಕಲಾಗದೆ ಕೈಕೊಡುವುದನ್ನು ಕಣ್ಣಾರೆ ನೋಡಬಹುದು. ತೊಂದರೆ ಅಂದರೆ, ಪೈಲಟ್ ಪ್ಲಾಂಟಿನಲ್ಲಿ (ಕಾರ್ಖಾನೆಯ ಸಣ್ಣ ಪ್ರಾಯೋಗಿಕ ರೂಪ) ಒಂದು ವಾಲ್ವ್ ಬದಲಿಸಲೂ ಸುರಕ್ಷತಾ ಪರಿಶೀಲನೆ ಮುಗಿಯಬೇಕು. ಪೇಟೆಂಟ್ ಅರ್ಜಿ ಆಗುವವರೆಗೆ ಪೇಪರ್ ಹೊರಬರದೆ ಇರಬಹುದು. ಫಲಿತಾಂಶ ಯಾರ ಸೊತ್ತು, ಎಷ್ಟು ತಡವಾದೀತು ಅಂತ ಸಂದರ್ಶನದಲ್ಲೇ ಕೇಳಿಬಿಡಿ.

ಒಂದೇ ಬ್ಯಾಚಿನ ಗೆಳೆಯರ ಜೊತೆ ಕಲಿಯುವ ಆಸೆಯಿದ್ದರೆ, ಬ್ರಿಟನ್ನಿನ 4 ವರ್ಷದ ಡಾಕ್ಟರಲ್ ಟ್ರೈನಿಂಗ್ ಸೆಂಟರ್‌ಗಳನ್ನೂ ನೋಡಿ.