ಸ್ಟೈಲೋ ಹಮಾಟಾ ಬೀಜ: ಹುಟ್ಟದಿದ್ದರೆ ಮೊದಲು ನೋಡಬೇಕಾದ್ದು ಸಿಪ್ಪೆ

ಸ್ಟೈಲೋ ಹಮಾಟಾ ದನಕ್ಕೆ ಬೆಳೆಸುವ ದ್ವಿದಳ ಮೇವಿನ ಗಿಡ. ಕಿಲೋ ಪೊಟ್ಟಣದಲ್ಲಿ ಮಾರುವ ಇದರ ಬೀಜದ ಮೇಲೆ ಎಲ್ಲ ಕಡೆ ಒಂದೇ ದೂರು: ಬಿತ್ತಿದರೆ ಹುಟ್ಟೋದಿಲ್ಲ. ಬೀಜ ಸತ್ತಿರುವುದು ಕಡಿಮೆ. ಸಿಪ್ಪೆ ಎಷ್ಟು ಗಟ್ಟಿಯೆಂದರೆ ನೀರು ಒಳಗೆ ಇಳಿಯುವುದೇ ಇಲ್ಲ.

ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಅಂಗೈಗೆ ಹಾಕಿಕೊಳ್ಳಿ. ತುದಿಯಲ್ಲಿ ಕೊಕ್ಕೆಯಂತೆ ಬಾಗಿದ ಪುಟ್ಟ ಕಾಯಿಗಳಿದ್ದರೆ ಅದು ಹೊಟ್ಟು ಬಿಡಿಸದ ಮಾಲು. ನುಣುಪಾದ ಕಾಳಿದ್ದರೆ ಬಿಡಿಸಿದ್ದು. ಬಹಳಷ್ಟು ಪೊಟ್ಟಣಗಳ ಮೇಲೆ ಇದನ್ನೇ ಬರೆದಿರುವುದಿಲ್ಲ, ದೊಡ್ಡ ಕೊರತೆ ಇದೇ. ಇನ್ನೊಂದು, ಮಣ್ಣು. ಅನಂತಪುರದ ಕಡೆ ಉದುರಿದ ಬೀಜವನ್ನು ನೆಲದಿಂದಲೇ ಗುಡಿಸಿ ಒಟ್ಟುಮಾಡುತ್ತಾರೆ, ಸರಿಯಾಗಿ ಜರಡಿ ಹಿಡಿಯದಿದ್ದರೆ ಬೀಜದ ಬೆಲೆಗೆ ಮಣ್ಣನ್ನೂ ಕೊಂಡಂತೆ. 100 ಗ್ರಾಂ ಜರಡಿ ಹಿಡಿದು ತೂಗಿದರೆ ಗೊತ್ತಾಗುತ್ತದೆ.

ಬೀಜೋಪಚಾರಕ್ಕೆ 80 ಡಿಗ್ರಿ ಸೆಲ್ಸಿಯಸ್ ಬಿಸಿನೀರು, 4ರಿಂದ 5 ನಿಮಿಷ. ಥರ್ಮಾಮೀಟರ್ ಇಲ್ಲದಿದ್ದರೆ ಕುದಿಯುವ ನೀರು ಮೂರು ಚೊಂಬಿಗೆ ತಣ್ಣೀರು ಒಂದು ಚೊಂಬು ಬೆರೆಸಿ, ಹೆಚ್ಚುಕಡಿಮೆ ಅಷ್ಟೇ ಕಾವು ಬರುತ್ತದೆ. ಒಲೆಯ ಮೇಲಿರುವ ಪಾತ್ರೆಗೇ ಸುರಿದರೆ ಮೊಳಕೆ ಬೆಂದುಹೋಗುತ್ತದೆ. ನೀರು ಬಸಿದು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ನೆರಳಲ್ಲಿ ಆರಿಸಿ. ಬೀಜಕ್ಕೆ ಹಚ್ಚಲು ಅಲಸಂದೆಗೆ ಬಳಸುವ ರೈಜೋಬಿಯಂ (ಬೇರಿನಲ್ಲಿ ಸಾರಜನಕ ಹಿಡಿದುಕೊಡುವ ಜೀವಾಣು ಗೊಬ್ಬರ) ಇದಕ್ಕೂ ಆಗುತ್ತದೆ. ಆಮೇಲೆ ಒಣ ಮರಳು ಬೆರೆಸಿ ಬಿತ್ತಿ.

ಎಕರೆಗೆ ಸಾಲುಬಿತ್ತನೆಗೆ ಎರಡೂವರೆ ಕಿಲೋ, ಎರಚುವುದಾದರೆ 4 ಕಿಲೋ. ಸಾಲಿನ ನಡುವೆ 30 ಸೆಂ.ಮೀ. ಇರಲಿ. ಕೂರಿಗೆ ಹಾಕಬೇಡಿ, ಆಳಕ್ಕೆ ಬಿದ್ದದ್ದು ಮೇಲೆ ಬರುವುದಿಲ್ಲ. ಮುಳ್ಳಿನ ಕೊಂಬೆ ಎಳೆದರೆ ಮುಚ್ಚುವಷ್ಟು ಮಣ್ಣು ಸಾಕು. ಎಕರೆಗೆ ಮೂರು ಮೂಟೆ ಸೂಪರ್ ಫಾಸ್ಫೇಟ್ ಮೊದಲೇ ಸೇರಿಸಿರಬೇಕು.

ಬದುವಿಗೆ, ಗೋಮಾಳಕ್ಕೆ ಎರಚಲು ಹೊಟ್ಟು ಬಿಡಿಸದ ಮಾಲೇ ವಾಸಿ. ಒಮ್ಮೆಲೇ ಹುಟ್ಟುವುದಿಲ್ಲ, ಮೊದಲ ಮಳೆ ಕೈಕೊಟ್ಟರೂ ಉಳಿದದ್ದು ಮಣ್ಣಲ್ಲಿ ಕಾದಿರುತ್ತದೆ. ಹೊಲಕ್ಕಾದರೆ ಬಿಡಿಸಿದ್ದನ್ನೇ ತನ್ನಿ.

ಮೊದಲ ಎರಡು ತಿಂಗಳು ಗಿಡ ಬಲು ನಿಧಾನ, ಕಳೆ ತೆಗೆಯದಿದ್ದರೆ ಮುಚ್ಚಿಹೋಗುತ್ತದೆ. ಸುಮಾರು 75 ದಿನಕ್ಕೆ ಹೂ ಬಂದಾಗ ಮೊದಲ ಕಟಾವು. ನೀರು ನಿಲ್ಲುವ ಎರೆಭೂಮಿಗೆ ಇದು ಬೇಡ. ಕೆಂಪು ಮಣ್ಣು, ಗರಸು ನೆಲ, ತೆಂಗಿನ ಸಾಲಿನ ನಡುವೆ ಬಿಸಿಲು ಬೀಳುವ ಜಾಗ ಒಪ್ಪುತ್ತದೆ. ಎಲೆಯಲ್ಲಿ ಕಂದು ಚುಕ್ಕೆ ಕಂಡರೆ ಚಿಬ್ಬು ರೋಗವೆಂದು ಅನುಮಾನಿಸಿ. ಆಸ್ಟ್ರೇಲಿಯಾದಲ್ಲಿ 1970ರ ದಶಕದಲ್ಲಿ ಟೌನ್ಸ್‌ವಿಲ್ ಸ್ಟೈಲೋ ಎಂಬ ಇದರ ಸೋದರ ಜಾತಿಯನ್ನು ಮುಗಿಸಿದ್ದು ಇದೇ ರೋಗ. ಹಮಾಟಾ ಅದಕ್ಕಿಂತ ತಡೆಯುತ್ತದೆ. ಮಳೆಗಾಲದಲ್ಲಿ ಹಸಿಹುಲ್ಲು ಸಿಗುವಾಗ ದನ ಇದಕ್ಕೆ ಬಾಯಿ ಹಾಕದಿದ್ದರೆ ಗಾಬರಿ ಬೇಡ, ಹುಲ್ಲು ಒಣಗಿದ ಮೇಲೆ ಹುಡುಕಿ ತಿನ್ನುತ್ತದೆ.

ಐದಕ್ಕೆ ಮೂರೂವರೆ ಕೊಡಬಹುದು. ಕಳೆದ ಅಂಕವೆಲ್ಲ ಪೊಟ್ಟಣದ್ದು, ಬೀಜದ್ದಲ್ಲ. ವರ್ಷದ ಕೊನೆಯ ಕಟಾವು ಮಾಡದೆ ಕಾಯಿ ಉದುರಲು ಬಿಟ್ಟರೆ ಮುಂದಿನ ಮಳೆಗೆ ತಾನೇ ಹುಟ್ಟುತ್ತದೆ, ಮತ್ತೆ ಬೀಜಕ್ಕೆ ದುಡ್ಡು ಹಾಕಬೇಡಿ.