ಕಂಬದ ದೀಪಕ್ಕೆ ನೆಲದಡಿ ಲೈನು: ಆರ್ಮರ್ಡ್ ಕೇಬಲ್ಲೋ, ಪೈಪೋ?

ಅಂಗಳದ ಒಂದು ಬದಿಯ ಕಂಬಗಳಿಗೆ ಆರ್ಮರ್ಡ್ ಕೇಬಲನ್ನು ನೇರವಾಗಿ ಮಣ್ಣಲ್ಲಿ ಹೂತೆ. ಇನ್ನೊಂದು ಬದಿಗೆ ಪಿವಿಸಿ ಪೈಪ್ ಹಾಕಿ, ಒಳಗೆ ಮಾಮೂಲಿ ಕೇಬಲ್ ಎಳೆದೆ. ಮಳೆ, ಬಿಸಿಲು ಎರಡರಲ್ಲೂ ನೋಡಿದ ಮೇಲೆ ನನ್ನ ಓಟು ಆರ್ಮರ್ಡ್‌ಗೇ.

ಕಾರಣ ಗುದ್ದಲಿ. ಗಿಡ ನೆಡೋಕೆ ಯಾರೋ ಒಬ್ಬರು ಅಗೆದೇ ಅಗೆಯುತ್ತಾರೆ, ಅಲ್ವಾ? ಪಿವಿಸಿ ಪೈಪು ಒಂದೇ ಏಟಿಗೆ ಒಡೆಯಬಹುದು. ಆರ್ಮರ್ಡ್‌ನಲ್ಲಿ ತಾಮ್ರದ ಸುತ್ತ ಉಕ್ಕಿನ ತಂತಿಗಳ ಕವಚ ಇರುತ್ತದೆ. ಆ ಕವಚಕ್ಕೆ ಅರ್ಥಿಂಗ್ ಕೊಟ್ಟಿದ್ದರೆ, ಗುದ್ದಲಿ ಒಳಗೆ ಇಳಿದರೂ ಕರೆಂಟು ಅರ್ಥ್‌ಗೆ ಹರಿದು ಸ್ವಿಚ್ ಟ್ರಿಪ್ ಆಗುತ್ತದೆ.

ಕಷ್ಟ ಇರುವುದು ಕಂಬದೊಳಗೆ. ಕೇಬಲ್ ಗಡುಸು, ಸುಲಭಕ್ಕೆ ಬಗ್ಗಲ್ಲ. ಒಂದು ಕಂಬದಿಂದ ಮುಂದಿನದಕ್ಕೆ ಲೈನು ಹೋಗಬೇಕಾದರೆ ಬರುವುದೊಂದು, ಹೋಗುವುದೊಂದು, ಎರಡು ಕೇಬಲ್ ಕಂಬದೊಳಗಿನ ಸಣ್ಣ ಜೋಡಣೆ ಬಾಕ್ಸಿಗೆ ಸೇರಬೇಕು. ಮೇಲಿನ ಸಿಪ್ಪೆ ಸುಲಿದು, ಉಕ್ಕಿನ ತಂತಿಗಳನ್ನು ಕೊಡೆಯ ಕಡ್ಡಿಗಳ ಹಾಗೆ ಅಗಲಿಸಿ, ಗ್ಲ್ಯಾಂಡಿನ (ಕೇಬಲನ್ನು ಬಾಕ್ಸಿಗೆ ಬಿಗಿಯುವ ಲೋಹದ ಬಿಡಿಭಾಗ) ಕೋನ್ ಮೇಲೆ ಕೂರಿಸಿ ನಟ್ ಬಿಗಿಯಬೇಕು. ಒಂದು ತಂತಿಯೂ ಹೊರಗೆ ಉಳಿಯಬಾರದು. ಈ ಕೆಲಸಕ್ಕೆ ಅವಸರ ಮಾಡಬೇಡಿ. ಗ್ಲ್ಯಾಂಡ್ ಸಡಿಲವಾದರೆ ಅರ್ಥಿಂಗೂ ಸಡಿಲ.

ಪೈಪಿನ ದೊಡ್ಡ ಲಾಭ, ನಾಳೆ ಕೇಬಲ್ ಬದಲಿಸಬೇಕಾದರೆ ಅಗೆಯಬೇಕಿಲ್ಲ. ಒಳಗೊಂದು ನೈಲಾನ್ ಹಗ್ಗ ಬಿಟ್ಟಿರಿ ಸಾಕು. ತಿರುವು ಮಾತ್ರ ಅಗಲವಾಗಿರಲಿ. ಇನ್ನು ನೀರು. ಜಾಯಿಂಟ್ ಎಷ್ಟೇ ಚೆನ್ನಾಗಿ ಅಂಟಿಸಿದರೂ ಒಳಗಿನ ಗಾಳಿಯ ತೇವ ತಣ್ಣಗಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಗೋಡೆಗೆ ಹಾಕುವ ಬಿಡಿ ವೈರು ಬೇಡವೇ ಬೇಡ. ನೀರಲ್ಲಿ ನಿಂತರೂ ತಡೆಯುವ ಹೊರಕವಚದ ಕೇಬಲ್ಲೇ ಬೇಕು.

12 ವೋಲ್ಟಿನ ದೀಪಗಳನ್ನೂ ಹಚ್ಚಿ ನೋಡಿದೆ. ಮುಟ್ಟಿದರೆ ಅಪಾಯ ಕಡಿಮೆ, ನಿಜ. ಆದರೆ 48 ವ್ಯಾಟಿಗೆ 230 ವೋಲ್ಟಿನಲ್ಲಿ ಸುಮಾರು 0.2 ಆಂಪಿಯರ್ ಸಾಕಾದರೆ, ಇಲ್ಲಿ 4 ಆಂಪಿಯರ್ ಬೇಕು. ಅಷ್ಟು ಕರೆಂಟಿಗೆ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ, ಲೈನು ಉದ್ದವಾದಷ್ಟೂ ಕೊನೆಯ ದೀಪ ಮಂಕು. ಹತ್ತಿರದ ಒಂದೆರಡು ದೀಪಕ್ಕೆ ಸರಿ.

ಆರ್ಮರ್ಡ್ ಆಗಲಿ, ಪೈಪಾಗಲಿ, ಕಾಲುವೆ ಒಂದೇ: ಸುಮಾರು 600 ಮಿ.ಮೀ. ಆಳ, ಕೆಳಗೆ ಮೇಲೆ ಮರಳು, ಅದರ ಮೇಲೆ ಎಚ್ಚರಿಕೆ ಟೇಪು. ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್) ಇರಲೇಬೇಕು. ಕೊನೆಯ ಜೋಡಣೆ, ಪರೀಕ್ಷೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ. ಕಲ್ಲು ಹಾಸಿದ ದಾರಿ ಅಡ್ಡ ಬಂದರೆ ಅಷ್ಟು ಉದ್ದಕ್ಕೆ ಪೈಪ್ ಇಟ್ಟು, ಅದರೊಳಗೇ ಆರ್ಮರ್ಡ್ ದಾಟಿಸಿ.